ಗಂಗಮ್ಮನಿಗೆ ಬಂದ ನಾನೂರ ನಾಲ್ಕು

ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನಾನು, ಎರಡೇ ಎರಡು ಇಂಗ್ಲಿಷ್ ಪದಗಳನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಒಬ್ಬ ಹೆಂಗಸಿನ ಕಣ್ಣಲ್ಲಿ ನೀರು ತರಿಸಿದೆ. ನಡೆದದ್ದು ಕಳೆದ ಮಂಗಳವಾರ, ತುಮಕೂರಿನ ಶಿರಾ ಗೇಟ್ ಹತ್ತಿರದ ಸೈಬರ್ ಸೆಂಟರ್‌ನಲ್ಲಿ.

ಗಂಗಮ್ಮ ನನ್ನ ಹೆಂಡತಿಯ ಚಿಕ್ಕಮ್ಮನ ಮಗಳು. ಹೆಬ್ಬೂರಿನಲ್ಲಿ ಟೈಪಿಂಗ್ ಕಲಿಸುತ್ತಾಳೆ. ಸರ್ಕಾರಿ ಟೈಪಿಸ್ಟ್ ಕೆಲಸಕ್ಕೆ ಇದು ಅವಳ ಮೂರನೇ ಪರೀಕ್ಷೆ, ಕೊನೆಯದೂ ಹೌದು. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಆಯ್ಕೆ ಪಟ್ಟಿ ಇಂಟರ್‌ನೆಟ್‌ನಲ್ಲಿದೆ ಎಂದು ಪೇಪರ್‌ನಲ್ಲಿ ಬಂದಿತ್ತು. ಅದರ ಕೆಳಗೆ ಒಂದೂವರೆ ಸಾಲು ಉದ್ದದ ವಿಳಾಸ. ಆ ತುಂಡು ಕತ್ತರಿಸಿಕೊಂಡು ಬೆಳಗಿನ ಬಸ್ಸಿಗೇ ಬಂದಿದ್ದಳು.

ವಿಳಾಸವನ್ನು ಅವಳೇ ಟೈಪ್ ಮಾಡಿದಳು (ಕೀಲಿಮಣೆಯತ್ತ ಕಣ್ಣು ಕೂಡ ಹಾಯಿಸದೆ). ಪರದೆ ಬೆಳ್ಳಗಾಯಿತು. ದಪ್ಪ ಅಕ್ಷರದಲ್ಲಿ ಒಂದೇ ಸಾಲು: 404 ನಾಟ್ ಫೌಂಡ್.

"ಏನ್ ಬಂದೈತೆ ಭಾವ?"

ಮೇಷ್ಟ್ರಲ್ಲವೇ, ತಕ್ಷಣ ಅನುವಾದ ಮಾಡಿದೆ. "ಸಿಗಲಿಲ್ಲ ಅಂತಿದೆ ಕಣಮ್ಮ."

ಅವಳು ಹಾಲ್ ಟಿಕೆಟನ್ನು ಸುಮ್ಮನೆ ಮಡಚಿದಳು. "ಬುಡಿ ಭಾವ. ನನ್ ನಂಬರ್ ಇಲ್ಲ ಅಂತ ಅವ್ರೇ ಹೇಳವ್ರಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗುಬ್ಬಿ ನಾಗರತ್ನಂಗೂ ನೆನ್ನೆ ಇದೇ ಬಂದಿತ್ತಂತೆ. ಇಬ್ರುದೂ ಹೋಯ್ತು." (ಗುಬ್ಬಿ ಊರಿನ ಈ ನಾಗರತ್ನ ಪರೀಕ್ಷೆಯಲ್ಲಿ ಇವಳ ಹಿಂದಿನ ಬೆಂಚಿನಲ್ಲಿದ್ದ ಗೆಳತಿ.)

ಎದ್ದು ಹೊರಡುವಷ್ಟರಲ್ಲಿ ಸೆಂಟರ್ ನಡೆಸುವ ಮುಬೀನಾ ಕೌಂಟರ್ ಬಿಟ್ಟು ಬಂದರು.

"ಸಾರ್, ಇವ್ರ ನಂಬರ್ ಎಲ್ಲಿ ಹಾಕಿದ್ರಿ?"

ಹಾಕಿರಲಿಲ್ಲ. ಅದು ಕೇಳಿರಲೂ ಇಲ್ಲ.

"ಮತ್ತೆ ಇವ್ರ ನಂಬರ್ ಇಲ್ಲ ಅಂತ ಅದಕ್ಕೆ ಹೆಂಗೆ ಗೊತ್ತಾಗತ್ತೆ?"

ಹೌದಲ್ಲ! ಇಷ್ಟು ಸರಳ ಪ್ರಶ್ನೆ ನನಗೆ ಯಾಕೆ ಹೊಳೆಯಲಿಲ್ಲ?

"ಅಕ್ಕ, ಅದು ನಿಮ್ ವಿಷ್ಯ ಹೇಳ್ತಿಲ್ಲ," ಎಂದರು ಮುಬೀನಾ. "ನೀವು ಕೇಳಿದ ಪೇಜ್ ಈ ಜಾಗದಲ್ಲಿಲ್ಲ ಅಂತಿದೆ, ಅಷ್ಟೇ. ಆ ಕಡೆ ಕಂಪ್ಯೂಟರ್ ಕೆಟ್ಟಿಲ್ಲ. ಕೆಟ್ಟಿದ್ರೆ ಈ ಉತ್ತರಾನೂ ಬರ್ತಿರ್ಲಿಲ್ಲ."

ನನಗೆ ಕುತೂಹಲ ತಡೆಯಲಿಲ್ಲ. ನಾನೂರ ನಾಲ್ಕೇ ಯಾಕೆ?

"ನಾನೂರರ ಸಾಲಿನ ನಂಬರ್ ಬಂದ್ರೆ ಕೇಳಿದೋರ ಕಡೆ ಎಡವಟ್ಟು. ಐನೂರರ ಸಾಲಿಂದು ಬಂದ್ರೆ ಕೊಡೋರ ಕಡೆ."

"ಹಾಗಾದ್ರೆ ತಪ್ಪು ನಮ್ಮದಾ?"

"ಅದು ಹಂಗೇ ಹೇಳತ್ತೆ ಸಾರ್. ಪೇಜ್ ಬೇರೆ ಕಡೆ ಎತ್ತಿಟ್ಟೋರು ಅವ್ರೇ ಆದ್ರೂ."

ಪೇಪರ್‌ನಲ್ಲಿ ವಿಳಾಸದ ಸಾಲು ಮುರಿದ ಕಡೆ ಒಂದು ಅಡ್ಡಗೆರೆ ಇತ್ತು. ಮುದ್ರಿಸುವಾಗ ಸೇರಿದ್ದಿರಬಹುದು ಎಂದು ಮುಬೀನಾ ಅದನ್ನು ಅಳಿಸಿ ನೋಡಿದರು. ಮತ್ತದೇ ನಾನೂರ ನಾಲ್ಕು. ಆಮೇಲೆ ವಿಳಾಸದ ಬಾಲ ಕತ್ತರಿಸತೊಡಗಿದರು. ಕೊನೆಯ ಓರೆಗೆರೆಯಿಂದ ಆಚೆಗಿದ್ದದ್ದು ಹೋಯಿತು. ಸಿಗಲಿಲ್ಲ. ಇನ್ನೊಂದು ತುಂಡು ಹೋಯಿತು. ಆಗಲೂ ಇಲ್ಲ. ಕೊನೆಗೆ ಇಲಾಖೆಯ ಹೆಸರೊಂದೇ ಉಳಿದಾಗ, ಅದರ ಮೊದಲ ಪುಟ ಮೇಲಿಂದ ಕೆಳಕ್ಕೆ ನಿಧಾನವಾಗಿ ಮೂಡಿತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಆಯ್ಕೆ ಪಟ್ಟಿ'.

ಮೌಸನ್ನು ಗಂಗಮ್ಮನೇ ಹಿಡಿದಳು. ಸಾಲುಗಟ್ಟಲೆ ನಂಬರ್‌ಗಳು ಸರಿದವು. ಒಂದು ಕಡೆ ನಿಲ್ಲಿಸಿ, ಹಾಲ್ ಟಿಕೆಟನ್ನು ಪರದೆಯ ಪಕ್ಕ ಹಿಡಿದು, ಒಂದೊಂದೇ ಅಂಕಿ ಹೋಲಿಸಿದಳು. ಎರಡು ಸಲ.

"ಐತೆ ಭಾವ," ಎಂದಳು ಮೆಲ್ಲಗೆ.

ಮರುಕ್ಷಣವೇ ಅವಳ ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಇದು ನಾಗರತ್ನಂದು. ನನ್ ನಂಬರ್ ಆದ್ಮೇಲೆ ಅವ್ಳದೇ."

ಪಟ್ಟಿಯ ಅಡಿಯಲ್ಲಿ ಇನ್ನೊಂದು ಮಾತಿತ್ತು. ಮೂಲ ದಾಖಲೆಗಳೊಂದಿಗೆ ಗುರುವಾರ ಹಾಜರಾಗಬೇಕು, ಬಾರದವರ ಆಯ್ಕೆ ರದ್ದು. ಉಳಿದದ್ದು ಒಂದೇ ದಿನ. ನಾಗರತ್ನಳೋ, ಎಲ್ಲ ಮುಗಿಯಿತೆಂದು ಬೇಸರಪಟ್ಟು ಕುಣಿಗಲ್‌ನಲ್ಲಿರುವ ಅಕ್ಕನ ಮನೆಗೆ ಹೋಗಿಬಿಟ್ಟಿದ್ದಳು.

ಸೆಂಟರ್‌ನ ಫೋನಿನಿಂದಲೇ ಗುಬ್ಬಿಯಲ್ಲಿ ಅವಳ ಮನೆಯವರೊಂದಿಗೆ ಮಾತಾಡಿ, ಅಕ್ಕನ ಪಕ್ಕದ ಮನೆಯ ನಂಬರ್ ಪಡೆದು, ಕುಣಿಗಲ್‌ಗೆ ಹಚ್ಚಿದೆವು. ನಾಗರತ್ನ ಲೈನಿಗೆ ಬಂದಳು. ಅವಳ ಮಾತು ನನಗೂ ಕೇಳಿಸುತ್ತಿತ್ತು.

"ಯಾಕೆ ಹೊಟ್ಟೆ ಉರಿಸ್ತೀಯ ಬುಡೇ. ಮಿಷಿನ್ನೇ ಇಲ್ಲ ಅಂದೈತೆ."

"ಅದು ಪೇಜ್ ಇಲ್ಲ ಅಂದಿದ್ದು ಕಣೇ, ನಿನ್ನಲ್ಲ. ಇವತ್ತೇ ಗುಬ್ಬಿಗೆ ಹೋಗಿ ಮಾರ್ಕ್ಸ್ ಕಾರ್ಡ್ ಎಲ್ಲಾ ತಗ. ಗುರುವಾರ ಬೆಳಿಗ್ಗೆ ತುಮಕೂರ್ ಬಸ್ ಸ್ಟ್ಯಾಂಡಲ್ಲಿ ನಿನ್ಗೋಸ್ಕರ ಕಾಯ್ತೀನಿ."

"ನಂದು ನೀನೇ ನೋಡ್ದ್ಯಾ?" ಎಂದು ಕೇಳಿದಳು.

"ನಾನೇ ನೋಡ್ದೆ."

ಗುರುವಾರ ಇಬ್ಬರೂ ಹೋದರು. ದಾಖಲೆಗಳೆಲ್ಲ ಸರಿಯಿದ್ದವು. ಸಂಜೆ ಗಂಗಮ್ಮ ನಮ್ಮ ಮನೆಗೆ ಬಂದು, ಊಟಕ್ಕೆ ನಿಲ್ಲದೆ ಹೆಬ್ಬೂರಿನ ಬಸ್ ಹಿಡಿದಳು. ಅವಳ ಟೈಪಿಂಗ್ ಕ್ಲಾಸಿನವರು ಕಾಯುತ್ತಿದ್ದರಂತೆ.

ನನ್ನ ತಲೆಯಲ್ಲಿ ಮಾತ್ರ ಒಂದು ಪ್ರಶ್ನೆ ಇನ್ನೂ ಉಳಿದಿದೆ. ಇದೇ ಸಾಲು ನೋಡಿ ಫೋನ್ ಬಾರದೆ ಮನೆಯಲ್ಲೇ ಉಳಿದವರು ಎಷ್ಟು ಜನ? ಅಂಗಡಿ ಬೇರೆ ಕಡೆ ಹೋದರೆ ಹಳೆಯ ಶಟರ್ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸುತ್ತಾರೆ. ಚಹಾ ಅಂಗಡಿಯವರೂ ಅಷ್ಟು ಮಾಡುತ್ತಾರೆ.

ಇಷ್ಟು ಜನರ ಬದುಕಿದ್ದ ಪಟ್ಟಿಯನ್ನು ಬೇರೆ ಕಡೆ ಎತ್ತಿಟ್ಟ ಪುಣ್ಯಾತ್ಮರಿಗೆ, ಹಳೆಯ ಜಾಗದಲ್ಲಿ 'ಇಲ್ಲಿ ನೋಡಿ' ಎಂದು ಒಂದು ಸಾಲು ಬರೆದಿಡಲು ಏನು ಕಷ್ಟವಿತ್ತು?