ಎದೆಯಲ್ಲಿ ಕೂತ ಗಾಳಿ

ವೊನೊಗಿರಿಯ ಶುಶ್ರೂಷಾ ಶಾಲೆಯಲ್ಲಿ ಕಲಿಸುವ, ಎಲ್ಲರೂ ‘ಬು’ ಅಂದರೆ ಅಮ್ಮ ಎಂದು ಕರೆಯುವ ಮುರ್ಯಾನಿ, ಎದೆನೋವಿನ ಕುರಿತು ಅಂತರ್ಜಾಲದಲ್ಲಿ ಒಂದು ಪುಟವನ್ನು ವಿದ್ಯಾರ್ಥಿನಿಯರೊಡನೆ ಪಾಠದ ಭಾಗವಾಗಿಯೇ ಬರೆಯತೊಡಗಿದರು. ಯಾರು ಬೇಕಾದರೂ ತಿದ್ದಬಹುದಾದ ಪುಟವದು. ಸೊಲೊ ನಗರದ ಹೃದಯತಜ್ಞ ಡಾಕ್ಟರ್ ಹಂದೊಕೊ ಅದನ್ನು ಬಿಡದೆ ತಿದ್ದುತ್ತಿದ್ದರು. ಇಬ್ಬರೂ ಪರಸ್ಪರ ಮುಖ ಕಂಡವರಲ್ಲ. ಜಗಳ ಮಾತ್ರ ನಡೆದೇ ಇತ್ತು.

ಜಗಳ ಒಂದು ಹೆಸರಿನದು. ಹೃದಯಾಘಾತಕ್ಕೆ ಈ ಊರುಗಳಲ್ಲಿ ‘ಕೂತ ಗಾಳಿ’ ಎನ್ನುತ್ತಾರೆ: ಮೈಹೊಕ್ಕ ಗಾಳಿ ಎದೆಯಲ್ಲಿ ಕೂತಿದೆಯೆಂದು. ಬೆನ್ನಿಗೆ ಎಣ್ಣೆ ಸವರಿ, ಕೆಂಪು ಪಟ್ಟೆ ಏಳುವವರೆಗೆ ನಾಣ್ಯದಿಂದ ಗೀರಿ ಅದನ್ನು ಹೊರಡಿಸುವುದು ಮನೆಮನೆಯ ರೂಢಿ. ಆ ಹೆಸರಿಲ್ಲದಿದ್ದರೆ ಹುಡುಕುವವರಿಗೆ ಪುಟವೇ ಸಿಗದೆಂದು ಮುರ್ಯಾನಿ ಸೇರಿಸುವರು. ಅಂಥ ಕಾಯಿಲೆಯೇ ಇಲ್ಲವೆಂದು ವೈದ್ಯರು ಅಳಿಸುವರು. ಕೊನೆಗೆ ವೈದ್ಯರೇ ಬೇಸತ್ತು ಸುಮ್ಮನಾದರು. ಹೆಸರು ಮೊದಲ ಸಾಲಿನಲ್ಲಿ ಉಳಿಯಿತು.

ಅದೇ ತಿಂಗಳು ತೋಫು ಮಾರುವ ಸಾರ್ಜು ಬೆಳಿಗ್ಗೆ ಬೆವರುತ್ತ ಎದೆ ಹಿಡಿದು ಕುಸಿದರು. ಹೆಂಡತಿ ಬು ತುಮಿ ಫೋನಿನಲ್ಲಿ ಹುಡುಕಿದಾಗ ಪುಟ ಸಿಕ್ಕಿತು. ‘ಕೂತ ಗಾಳಿ’ ಎಂದು ಕಂಡದ್ದೇ, ಮುಂದೆ ಓದದೆ ನಾಣ್ಯ ಕೈಗೆತ್ತಿಕೊಂಡರು. ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಸಾರ್ಜು ಬದುಕಿದರು; ಹೃದಯದ ಒಂದು ಭಾಗ ಸತ್ತಿತ್ತು.

‘ಈಗಲಾದ್ರೂ ಅಳಿಸ್ತೀರಾ, ಬು?’ ಎಂದು ಸುದ್ದಿ ಕೇಳಿದ ವೈದ್ಯರು ಪುಟದ ಚರ್ಚೆಯಲ್ಲಿ ಬರೆದರು. ಮುಂದಿನ ರೋಗಿಗೂ ಹೀಗಾದರೆ ಎಂಬ ಭಯ ಮುರ್ಯಾನಿಯವರಿಗೂ ಇತ್ತು. ಸಾರ್ಜು ಮಲಗಿದ್ದ ವಾರ್ಡಿಗೆ ಹೋದರು.

‘ಆ ಪುಟ ಬರೆದೋಳು ನಾನೇ’ ಎಂದು ತುಮಿಗೆ ಹೇಳಿದರು.

‘ಓಹೋ, ಟೀಚರಮ್ಮ! ಗಾಳಿ ಅಂತ ನೀವೇ ಬರೆದ್ಮೇಲೆ ನಾನಿನ್ನೇನು ಮಾಡ್ಲಿ?’ ಎಂದರು ತುಮಿ. ‘ಗಂಡ ಒದ್ದಾಡ್ತಿರುವಾಗ ಕನ್ನಡಕ ಹುಡುಕ್ಕೊಂಡು ಕೆಳಗಿರೋದೆಲ್ಲ ಓದ್ಲಾ?’

‘ಆ ಹೆಸರನ್ನೇ ತೆಗೆದುಬಿಟ್ಟಿದ್ರೆ?’

‘ಪುಟಾನೇ ಸಿಗ್ತಿರ್ಲಿಲ್ಲ. ಆಗ್ಲೂ ಗೀರ್ತಿದ್ದೆ. ಗೀರಬೇಡ ಅಂತ ಮೊದ್ಲು ಬೈದು, ಆಮೇಲೆ ಪಾಠ ಹೇಳ್ಬೇಕಿತ್ತು ನೀವು.’

‘ಬೈದ್ರೂ ಕೇಳೋಳಲ್ಲ ಬು ಇವಳು’ ಎಂದರು ಮಲಗಿದ್ದ ಸಾರ್ಜು. ‘ನನ್ನ ಬೆನ್ನು ನೋಡಿ, ಹುಲಿ ಥರಾ ಇದೆ.’

‘ಸುಮ್ನೆ ಮಲ್ಕೊಳ್ಳಿ, ಹುಲಿರಾಯ!’

ಮುರ್ಯಾನಿ ಅಲ್ಲೇ ಕೂತು ಮೊದಲ ಸಾಲನ್ನು ಬದಲಿಸಿ ಓದಿದರು: ‘ಕೂತ ಗಾಳಿ ಅನ್ನಿಸುತ್ತಿದೆಯೇ? ಗೀರಬೇಡಿ. ಇದು ಹೃದಯಾಘಾತವಿರಬಹುದು. ಆಸ್ಪತ್ರೆಗೆ ಹೊರಡಿ.’

‘ಹೊರಡಿ ಅಂದ್ರೆ ಸ್ನಾನ ಮಾಡ್ಕೊಂಡು ಹೊರಡ್ತಾರೆ. ಹಾಗೇ ಎದ್ದು ಹೊರಡಿ ಅನ್ನಿ.’

ಹಾಗೆಯೇ ಬರೆದರು. ಸಂಜೆಯವರೆಗೂ ವೈದ್ಯರು ಏನನ್ನೂ ಅಳಿಸಲಿಲ್ಲ. ಬಳಿಕ ಆ ಸಾಲಿನ ಪಕ್ಕದಲ್ಲಿ ಅವರದೊಂದು ಸಾಲು ಕಾಣಿಸಿತು: ‘ರೋಗಿಯೇ ಬೈಕ್ ಓಡಿಸಿಕೊಂಡು ಬರಬಾರದು.’

ಮುರ್ಯಾನಿ ಓದಿ ಹೇಳಿದಾಗ ತುಮಿ ಗಂಡನತ್ತ ತಿರುಗಿದರು. ‘ಕೇಳಿಸ್ತಾ? ಆವತ್ತು ನೀವು ಬೈಕಿನ ಬೀಗದ ಕೈಗೆ ಕೈ ಹಾಕಿದ್ದು ಆ ಡಾಕ್ಟ್ರಿಗೂ ಗೊತ್ತಾಗಿದೆ.’