ಯಾರ ಹೆಸರಿನ ಸ್ನಾನ

ಗೋಧಿ ಹುಗ್ಗಿಗೆ ಬೆಲ್ಲ ಬಿದ್ದು ಏಲಕ್ಕಿಯ ವಾಸನೆ ಎದ್ದರೆ ಎಲ್ಲರ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಬೆಳಗಾವಿಯ ನಮ್ಮ ಮನೆ ಈಗಿಲ್ಲ, ಅದರ ಬಾವಿಯೂ ಇಲ್ಲ. ನಾನು ಚಿಕ್ಕವಳಿದ್ದ, ಸಾವಿರದೊಂಬೈನೂರ ಇಪ್ಪತ್ತರ ದಶಕದ ಆ ದಿನಗಳಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅಜ್ಜ ಪಡಸಾಲೆಯಲ್ಲಿ ಕೂತು ನನಗೆ ಹಳೆಯ ಯುದ್ಧಕಾವ್ಯವೊಂದನ್ನು ಓದಿಸುತ್ತಿದ್ದ. ನಮ್ಮ ಮನೆಯ ಪದ್ಧತಿಯೇ ವಿಚಿತ್ರ. ಕಾವ್ಯದಲ್ಲಿ ಒಳ್ಳೆಯ ವೀರ ಸತ್ತ ದಿನ, ಸ್ವಂತದವರೇ ಹೋದರೆಂಬಂತೆ, ಎಲ್ಲರೂ ಉಟ್ಟ ಬಟ್ಟೆಯಲ್ಲೇ ಬಾವಿಕಟ್ಟೆಯ ಮೇಲೆ ಸ್ನಾನ ಮಾಡಬೇಕು. ದುಷ್ಟ ಸತ್ತ ದಿನ ಹುಗ್ಗಿ! ಕಡೆಗೆ ಉಳಿದವನು ಸೋತರೂ ತಲೆಬಾಗದ ಹಟಮಾರಿ ರಾಜ. ಅವನ ಮೇಲೆ ನನಗೆ ಸಿಟ್ಟೂ ಇತ್ತು, ಹೇಳಲಾಗದ ಮಮತೆಯೂ ಇತ್ತು.

"ಅಜ್ಜಾ, ಇಂವಾ ಛಲೋದಂವನೋ ಕೆಟ್ಟಂವನೋ?"

"ಕಡೀತನಾ ಓದವಾ, ಆಮ್ಯಾಲೆ ನೀನ ಹೇಳು."

ಮನೆಯಲ್ಲೂ ಅಂಥವನೊಬ್ಬನಿದ್ದ, ಅಜ್ಜನ ಕಿರಿಯ ಮಗ ವಾಸುಕಾಕಾ. ಖಾನಾಪುರದಲ್ಲಿ ಕಟ್ಟಿಗೆ ವ್ಯಾಪಾರಿಯ ಹತ್ತಿರ ಕಾರಕೂನನಾಗಿದ್ದವನು ಅಲ್ಲಿಯ ಮರಾಠಿ ವಿಧವೆಯೊಬ್ಬಳನ್ನು ಮದುವೆಯಾಗಿಬಿಟ್ಟಿದ್ದ. "ಮತ್ತ ಈ ಹೊಸ್ತಿಲಕ್ಕ ಬಂದ್ರ ಅವನ ಹೆಸರಿಲೆ ಸ್ನಾನಾ ಮಾಡತೀನಿ" ಎಂದು ಅಜ್ಜ ಗುಡುಗಿದ್ದ. ಅಜ್ಜಿಯದು ತಾಯಿಕರುಳು. ಕಾವ್ಯ ಮುಗಿಯುವ ದಿನ ಅಜ್ಜನ ಮನಸ್ಸು ಮೆತ್ತಗಾಗಿರುತ್ತದೆ, ಅಂದು ಬಂದು ಕಾಲಿಗೆ ಬೀಳು ಎಂದು ಗುಟ್ಟಾಗಿ ಮಗನಿಗೆ ಹೇಳಿಕಳಿಸಿದ್ದಳು.

ಕಾವ್ಯ ಮುಗಿಯುವ ಆ ದಿನ, ರಾಜನನ್ನು ದುಷ್ಟನೆಂದೇ ಎಣಿಸಿ, ಒಲೆಯ ಮೇಲೆ ಹುಗ್ಗಿ ಕುದಿಯುತ್ತಿತ್ತು. ರಾಜ ಬಿದ್ದ. ರಾಜನ ಮುದಿ ತಂದೆ ರಣದಲ್ಲಿ ಮಗನ ಮೈಯನ್ನು ಹುಡುಕುವ ಪದ್ಯಕ್ಕೆ ನಾನು ಬಂದಾಗ ಅಜ್ಜ ಕೈ ಚಾಚಿ ಪುಸ್ತಕ ಮುಚ್ಚಿದ. "ಎಷ್ಟ ಕೆಟ್ಟಂವಾ ಇದ್ರೂ ಮಗಾ ಅಲ್ಲೇನ" ಎಂದವನೇ ಎದ್ದು ಹಿತ್ತಲಿಗೆ ಹೋಗಿ, ಉಟ್ಟ ಧೋತರದಲ್ಲೇ ಕೊಡಗಟ್ಟಲೆ ನೀರು ಸುರಿದುಕೊಂಡ. ದುಷ್ಟನಿಗಾಗಿ ನಮ್ಮ ಮನೆಯಲ್ಲಿ ಯಾರೂ ಸ್ನಾನ ಮಾಡಿದ್ದಿಲ್ಲ. ನಾನೂ ಅವನ ಹಿಂದೆಯೇ ಹಿತ್ತಲಿಗೆ ಓಡಿದೆ.

ಅಷ್ಟರಲ್ಲಿ ಹಿತ್ತಲ ಬಾಗಿಲು ಸರಿಸಿ ವಾಸುಕಾಕಾ ಬಂದ. ಬೆನ್ನು ಮಾಡಿ ನಿಂತ ತಂದೆಯ ತೊಯ್ದ ಧೋತರವನ್ನು ನೋಡಿದ. ಕಾವ್ಯ ಮುಗಿಯುವ ದಿನ ಹುಗ್ಗಿಯೇ ಹೊರತು ಸ್ನಾನವಿಲ್ಲವೆಂದು ಅವನಿಗೂ ಗೊತ್ತಿತ್ತು. "ಅಪ್ಪಾ ನನಗ ಎಳ್ಳುನೀರು ಬಿಟ್ಟಾನಲ್ಲವಾ" ಎಂದು ನನಗಷ್ಟೇ ಕೇಳುವಂತೆ ಅಂದು ಹೊರಟೇಬಿಟ್ಟ. "ಇಲ್ಲೋ ಕಾಕಾ, ರಾಜಾಗ!" ಎಂದು ಕೂಗಿದೆ. ಅವನು ಬಂದ ಟಾಂಗಾ ಆಗಲೇ ತಿರುಗಿಯಾಗಿತ್ತು.

ನನ್ನ ಕೂಗು ಕೇಳಿ ಅಜ್ಜ ತೊಯ್ದ ಮೈಯಲ್ಲೇ ಸ್ಟೇಶನ್ನಿಗೆ ಓಡಿದ. ಗಾಡಿ ಹೋಗಿತ್ತು. ಮರುದಿನ ಖಾನಾಪುರಕ್ಕೆ ಹೋದರೆ ಬಿಡಾರಕ್ಕೆ ಬೀಗ; ಗಂಡಹೆಂಡಿರು ಗುಂಜಿ ಊರಿನ ಕಡೆ ಹೋದರೆಂದು ಯಾರೋ ಹೇಳಿದರು. ಅಲ್ಲಿಯೂ ಸಿಗಲಿಲ್ಲ. ಅಜ್ಜ ಮತ್ತೆ ಕಾವ್ಯ ಮುಟ್ಟಲಿಲ್ಲ. ರಾಜ ಒಳ್ಳೆಯವನೋ ಕೆಟ್ಟವನೋ, ನಾನು ಹೇಳುವುದೂ ಹಾಗೇ ಉಳಿಯಿತು. ಕಾಕಾ ಇದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ಅವನ ಹೆಸರಿನ ಸ್ನಾನವನ್ನು ನಮ್ಮ ಮನೆಯಲ್ಲಿ ಇಂದಿನವರೆಗೂ ಯಾರೂ ಮಾಡಿಲ್ಲ.