ತುವಾಲೆಯ ಮುಂದೆ ಇರಬೇಕಿದ್ದ ಪ್ರಶ್ನೆಚಿಹ್ನೆ

ಗೋಮತಕ್ಕಾ, ತುವಾಲೆ ಎಂಬ ಪದದ ಕತೆ ಕಟ್ಟಿದವಳು ನಾನು. ಎಲ್ಲೋ ಅರ್ಧಂಬರ್ಧ ಓದಿ ಹೇಳಿದ್ದಳೇನೋ ಎಂದು ನೀನು ಇಂದಿಗೂ ಅಂದುಕೊಂಡಿರಬಹುದು. ಸುಳ್ಳೆಂದು ತಿಳಿದೇ ಹೇಳಿದೆ — ನೀನು ನಂಬುತ್ತೀ ಎಂದು ತಿಳಿದೇ. ಎರಡು ವಾರ ಕಳೆದು, ಇಡೀ ಬೀದಿಯ ಮುಂದೆ, ಅದೇ ಸುಳ್ಳು ಹಿಡಿದು ನಿನ್ನನ್ನು ಸೋಲಿಸಿದೆ. ಆರು ವರ್ಷವಾಯಿತು. ನೀನು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಇವೆರಡಕ್ಕೂ ಮೌನ ಎಂಬ ಒಂದೇ ಹೆಸರು ಕೊಡಲು ನನ್ನಿಂದಾಗದು.

ನಮ್ಮ ನೇಕಾರರ ಸೊಸೈಟಿಯ ಬಾಗಿಲಲ್ಲಿ ಒಂದು ಕರಿಹಲಗೆ ಇತ್ತಲ್ಲ — ನೂಲು ಬಂತು, ನೂಲು ಬಂದಿಲ್ಲ ಎಂದು ತಮಿಳಿನಲ್ಲಿ ಬರೆಯುತ್ತಿದ್ದದ್ದು. ಅದರ ಮೂಲೆಯಲ್ಲಿ ನೀನು ದಿನಕ್ಕೊಂದು ಪದ ಬರೆಯಲು ಶುರುಮಾಡಿದೆ. ಮೇಲೆ ಕನ್ನಡ ಅಕ್ಷರ, ಕೆಳಗೆ ತಮಿಳಿನಲ್ಲಿ ಆ ಪದ ಎಲ್ಲಿಂದ ಬಂತೆಂಬ ನಾಲ್ಕು ಸಾಲು. ಸೇಲಂನ ನಮ್ಮ ಬೀದಿಯವರೆಲ್ಲ ಮನೆಯಲ್ಲಿ ಕನ್ನಡ ಆಡುವವರೇ. ಓದಲು ಬರುವವರು ಯಾರಿದ್ದರು? ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಇಳಿದ ನೀನು, ಮಕ್ಕಳ ಪುಸ್ತಕ ಇಟ್ಟುಕೊಂಡು ನೀನಾಗಿಯೇ ಕಲಿತವಳು. ನನಗೂ ಕಲಿಸಿದವಳು.

ಕಿಟಕಿಗೆ ನಾವನ್ನುವ ಜನ್ನಲ್ ಎಂಬುದು ಪೋರ್ಚುಗೀಸರಿಂದ ಬಂದದ್ದೆಂದು ನೀನು ಬರೆದ ದಿನ ಮುತ್ತು ಮಾಮ ನೂಲು ಮರೆತು ಹಲಗೆಯ ಮುಂದೆ ನಿಂತುಬಿಟ್ಟಿದ್ದರು.

“ಅಂಗಾದ್ರೆ ವಾಪಸ್ ಕೊಟ್ಬುಡಮ್ಮ ಅವ್ರಿಗೆ. ಬರೀ ಸೊಳ್ಳೆ ಬತ್ತೈತೆ ಅದ್ರಾಗೆ.”

ಕಾಕಿ ಎಂದರೆ ಪಾರಸಿಯಲ್ಲಿ ಧೂಳಿನ ಬಣ್ಣ. ಅಲಮಾರಿಯೂ ಚಾವಿಯೂ ಜನ್ನಲಿನ ಜೊತೆಗೇ ಹಡಗಿಳಿದು ಬಂದವು. ಕರ್ನಾಟಕದ ಪೇಪರುಗಳು ಮಾತುಮಾತಿಗೆ ಬರೆಯುವ ‘ಹಾಸುಹೊಕ್ಕು’ ಮಾತ್ರ ನಮ್ಮಂಥವರ ಮಗ್ಗದಿಂದ ಎದ್ದು ಹೋದದ್ದು — ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಅದನ್ನು ಬರೆದ ದಿನ ಮುದುಕರು ಒಬ್ಬರಿಗೊಬ್ಬರು ಓದಿ ಹೇಳಿದರು. ನಾನು ಧರ್ಮಪುರಿಯ ಕಾಲೇಜಿನಿಂದ ಬಸ್ಸಿಳಿದು ಬರುತ್ತಿದ್ದೆ, ಕೈಯಲ್ಲಿ ಪಟ್ಟಿಮನ್ರದ ಕಪ್ — ಜಿಲ್ಲೆಯ ಹದಿನಾಲ್ಕು ಕಾಲೇಜುಗಳ ವಾದಸ್ಪರ್ಧೆಯಲ್ಲಿ ಮೊದಲನೆಯದು. ಅಜ್ಜಿ ಅದನ್ನು ಮುಟ್ಟಿಯೂ ನೋಡಲಿಲ್ಲ.

“ಅದ ಆ ಕಡೆ ಇಡವ್ವ, ಕಾಲಿಗೆ ಸಿಗ್ತದೆ. ಗೋಮತಿ, ನಮ್ ಮಗ್ಗದ್ದು ಏನೋ ಬರ್ದಂತೆ, ಏಳು ಕೇಳಾನ.”

ಇದನ್ನು ನೆಪ ಮಾಡಿಕೊಳ್ಳಲು ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಯಾವ ಗಳಿಗೆಯಲ್ಲಿ ಹೊತ್ತಿತು ಎಂದು ಹುಡುಕುವಾಗೆಲ್ಲ ಆ ಕಪ್ಪಿನ ತಣ್ಣನೆಯ ಹಿಡಿ ಕೈಗೆ ತಾಗುತ್ತದೆ — ಅಷ್ಟೆ.

ಅದಕ್ಕಿಂತ ಹೆಚ್ಚು ಉರಿಸಿದ್ದು ಇನ್ನೊಂದು. ಸಂಬಳ ಎಂಬ ಪದ ಸಂಬಾ ಎಂಬ ಭತ್ತ ಮತ್ತು ಅಳಂ, ಅಂದರೆ ಉಪ್ಪು, ಎರಡೂ ಸೇರಿ ಬಂತು, ಹಿಂದೆ ಕೂಲಿಗೆ ಭತ್ತ, ಉಪ್ಪು ಕೊಡುತ್ತಿದ್ದರು ಎಂದು ತಮಿಳಿನಲ್ಲಿ ಎಲ್ಲರೂ ಹೇಳುತ್ತಾರೆ. ನೀನು ಬರೆದೆ, ಬರೆದು ಪಕ್ಕದಲ್ಲಿ ಒಂದು ದೊಡ್ಡ ಪ್ರಶ್ನೆಚಿಹ್ನೆ ಹಾಕಿದೆ. ಕೇಳಿದವರಿಗೆ, “ಇಂಗೂ ಏಳ್ತಾರೆ, ನಂಗೆ ಖಾತ್ರಿ ಇಲ್ಲ” ಅಂದೆ. ಅನುಮಾನಪಡುವುದು ನನ್ನ ಒಬ್ಬಳ ಸೊತ್ತೆಂದು ತಿಳಿದಿದ್ದೆ, ಅಕ್ಕ. ‘ಆಧಾರ ಎಲ್ಲಿ?’ ಎಂದು ಕೇಳಿಯೇ ಗೆಲ್ಲುತ್ತಿದ್ದವಳು ನಾನು. ಆದರೆ ನಾನು ಕೇಳುತ್ತಿದ್ದದ್ದು ಎದುರಿನವರನ್ನು. ನೀನು ನಿನ್ನ ಸ್ವಂತ ಮಾತಿನ ಮುಂದೆಯೇ ಆ ಗುರುತು ಹಾಕಿಕೊಳ್ಳುತ್ತಿದ್ದೆ — ಯಾರೂ ಕೇಳದಿದ್ದರೂ.

ಆ ವರ್ಷ ಸೆಕ್ರೆಟರಿ ಮಾಮ ಸೊಸೈಟಿಯ ಹಿಂದಿನ ಕೋಣೆಯನ್ನು ಭಾನುವಾರಗಳಲ್ಲಿ ನಿನಗೆ ಬಿಟ್ಟುಕೊಡುವುದೆಂದು ಮಾತಾಡಿದ್ದರು, ಬೀದಿಯ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು. ಯುಗಾದಿಯ ಸಭೆಯಲ್ಲಿ ಎಲ್ಲರ ಒಪ್ಪಿಗೆ ಕೇಳುವುದು ಎಂದಾಗಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ಸುಳ್ಳನ್ನಾದರೂ ಇಲ್ಲಿ ಸೇರಿಸುವುದಿಲ್ಲ.

ಹಾಸಿನ ನೂಲಿಗೆ ಗಂಜಿ ಹಾಕುವ ಬೆಳಿಗ್ಗೆ ನೆನಪಿದೆಯೇ? ಯಾರ ಮನೆಯ ಹಾಸಾದರೂ ಸರಿ, ಬೀದಿಯುದ್ದಕ್ಕೂ ನೂಲು ಬಿಗಿದ ಮೇಲೆ ಎರಡೂ ಬದಿಗೆ ಎಲ್ಲ ಮನೆಯವರೂ ನಿಲ್ಲಬೇಕು. ಹರಿದ ಎಳೆಯನ್ನು ಕಂಡವರು ಕಟ್ಟಬೇಕು. ಅಂದು ನೂಲಿನ ಆ ಕಡೆ ನೀನು, ಈ ಕಡೆ ನಾನು. ತುವಾಲೆ ನಮ್ಮ ಕಡೆಯ ನೇಕಾರರ ಪದ ಎಂದೆ. ಇಲ್ಲಿಂದ ಬಟ್ಟೆ ಹಡಗು ಹತ್ತಿದಾಗ ಹೆಸರೂ ಜೊತೆಗೆ ಹೋಯಿತು, ಇಂಗ್ಲಿಷಿನವರು ಅದನ್ನೇ ಟವೆಲ್ ಮಾಡಿಕೊಂಡರು ಎಂದೆ. ನಮ್ಮ ಬೀದಿಯ ಅರ್ಧ ಮಗ್ಗಗಳು ನೇಯುವುದೇ ತುವಾಲೆ — ಯಾರಿಗೆ ಇಷ್ಟವಾಗದು ಆ ಕತೆ? ನಿನ್ನ ಕೈ ನಿಂತಿತು. ಮುಖ ಬೆಳಗಿತು. ಆಮೇಲೆ, ನಿನ್ನ ಅಭ್ಯಾಸದಂತೆ, ಕೇಳಿದೆ:

“ಪ್ರಶ್ನೆ ಗುರ್ತು ಆಕ್ಲಾ?”

“ಬ್ಯಾಡಕ್ಕ. ಕಾಲೇಜ್ ಲೈಬ್ರರಿ ಬುಕ್ಕಲ್ಲೇ ನೋಡಿವ್ನಿ.”

ನೋಡಿದ್ದೆ, ನಿಜ. ಆ ಪುಸ್ತಕದಲ್ಲಿ ಇದ್ದದ್ದು ತಲೆಕೆಳಗು — ತುವಾಲೆ ಎಂಬ ಪದವೂ ಜನ್ನಲಿನ ಹಾಗೆ ಪೋರ್ಚುಗೀಸರಿಂದಲೇ ನಮಗೆ ಬಂದದ್ದು. ಆ ಪುಟದ ಜೆರಾಕ್ಸ್ ಅಂದು ನನ್ನ ಬ್ಯಾಗಿನಲ್ಲೇ ಇತ್ತು. ಮರುದಿನ ಹಲಗೆಯ ಮೂಲೆಯಲ್ಲಿ ತುವಾಲೆ ಬಂತು, ಪ್ರಶ್ನೆಚಿಹ್ನೆ ಇಲ್ಲದೆ.

ಯುಗಾದಿಯ ಸಭೆಯ ಪಟ್ಟಿಮನ್ರದಲ್ಲಿ ವಿಷಯ: ಮನೆಯ ಭಾಷೆ ಉಳಿಯುವುದು ಮಾತಿನಿಂದಲೋ ಬರಹದಿಂದಲೋ. ನೀನು ಬರಹದ ಪಕ್ಷ, ನಾನು ಮಾತಿನದು. ಚೆನ್ನಾಗಿಯೇ ಮಾತಾಡಿದೆ. ನನ್ನ ಸರದಿ ಬಂದಾಗ ಮೈಕಿನಲ್ಲಿ ಕೇಳಿದೆ — ತುವಾಲೆ ಎಲ್ಲಿಂದ ಬಂತಕ್ಕ? ನೀನು ನಗುತ್ತಾ ನನ್ನ ಕತೆಯನ್ನು ಎಲ್ಲರಿಗೂ ಹೇಳಿದೆ. ನನಗೆ ಸಂತೋಷವಾಗಲೆಂದೇ ಹೇಳಿದೆ ಅನ್ನಿಸುತ್ತದೆ. ಜನ ಚಪ್ಪಾಳೆ ತಟ್ಟಿದರು. ತಟ್ಟಲು ಬಿಟ್ಟೆ. ಆಮೇಲೆ ಜೆರಾಕ್ಸ್ ತೆಗೆದು ಓದಿ, “ಬರೆದದ್ದೆಲ್ಲ ನಿಜವಲ್ಲ. ಸುಳ್ಳನ್ನು ಮಕ್ಕಳಿಗೆ ಬರೆಯಲು ಕಲಿಸುವುದಕ್ಕಿಂತ ಸುಮ್ಮನೆ ಮಾತಾಡಿಕೊಂಡಿರುವುದು ಮೇಲು” ಎಂದೆ. ಆ ವಾಕ್ಯವನ್ನು ಬಸ್ಸಿನಲ್ಲಿ ಮೂರು ದಿನ ತಿದ್ದಿದ್ದೆ.

ಸೆಕ್ರೆಟರಿ ಮಾಮ ನಿನ್ನ ಕಡೆ ತಿರುಗಿದರು. “ಯಾರಮ್ಮ ಏಳಿದ್ದು ನಿಂಗೆ ಇದ?”

ನೀನು ನನ್ನನ್ನು ನೋಡಿದೆ.

“ಯಾರೂ ಇಲ್ಲ ಮಾಮ. ನಾನೇ ಸರಿಯಾಗಿ ನೋಡ್ದೆ ಬರ್ದ್ಬುಟ್ಟೆ.”

ಅಂದು ಕೋಣೆಯ ಮಾತೇ ಎತ್ತಲಿಲ್ಲ. ಕಪ್ ನನಗೇ ಕೊಟ್ಟರು. ಮರುದಿನ ಹಲಗೆಯ ಮೂಲೆ ಒರೆಸಿತ್ತು. ಆ ಕೋಣೆಯಲ್ಲಿ ಈಗ ನೂಲಿನ ಮೂಟೆಗಳಿವೆ. ಮೊನ್ನೆ ನಿನ್ನ ಮಗಳು ನಮ್ಮ ಬಾಗಿಲಿಗೆ ಬಂದು, “ಚಿತ್ತಿ, ಪಾಟಿ ಇರುಕ್ಕಾಂಗಳಾ?” ಎಂದಳು. ಅಜ್ಜಿ ಒಳಗಿದ್ದಾಳೆ ಎಂದು ಕನ್ನಡದಲ್ಲಿ ಹೇಳಿದೆ. ಅವಳಿಗೆ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ತಮಿಳಿನಲ್ಲಿ. ನೀನು ಕಲಿಸಲಿದ್ದ ಮೊದಲ ಸಾಲಿನಲ್ಲಿ ಅವಳು ಕೂರುತ್ತಿದ್ದಳು. ಇನ್ನೂ ಎಷ್ಟೋ ಕಾರಣಗಳಿವೆ, ಎಲ್ಲ ಮನೆಗಳಲ್ಲೂ ಹೀಗೇ ಆಗುತ್ತಿದೆ ಎಂದು ನಾನು ವಾದಿಸಬಲ್ಲೆ — ಗೆಲ್ಲಲೂಬಹುದು. ವಾದಿಸುವುದಿಲ್ಲ.

ಇಷ್ಟು ಬರೆದು ಮುಗಿಸುವಾಗ ಏನೋ ನಿರಾಳವೆನಿಸಿತು. ಆ ನಿರಾಳ ಎಲ್ಲಿಂದ ಬಂತೆಂದು ನನ್ನನ್ನೇ ಕೇಳಿಕೊಂಡೆ, ಉತ್ತರ ಚೆನ್ನಾಗಿಲ್ಲ. ಕನ್ನಡದಲ್ಲಿ ಬರೆದಿದ್ದೇನೆ. ನಮ್ಮ ಬೀದಿಯಲ್ಲಿ ಇದನ್ನು ಓದಬಲ್ಲವಳು ನೀನೊಬ್ಬಳು. ಉಳಿದ ಯಾರಿಗೂ ತಿಳಿಯದ ಅಕ್ಷರದಲ್ಲಿ ತಪ್ಪೊಪ್ಪಿಕೊಂಡು ಹಗುರವಾಗಲು ಹೊರಟಿದ್ದೆ — ಅವರಿಗೆ ಆ ಅಕ್ಷರ ಸಿಗದ ಹಾಗೆ ಮಾಡಿದವಳೇ.

ಅದಕ್ಕೆ ನಿನ್ನೆ ಸೊಸೈಟಿಗೆ ಹೋಗಿ ಈ ಯುಗಾದಿಯ ಸಭೆಗೆ ಹೆಸರು ಕೊಟ್ಟು ಬಂದೆ. ಇದನ್ನೇ, ಇದ್ದ ಹಾಗೆ, ಗಟ್ಟಿಯಾಗಿ ಓದುತ್ತೇನೆ. ಆ ಕೋಣೆಯನ್ನೂ ಕೇಳುತ್ತೇನೆ, ನಿನಗಾಗಿ. ಬೇಕೋ ಬೇಡವೋ ಹೇಳುವವಳು ನೀನು.

“ಏನು ಟಾಪಿಕ್ಕಮ್ಮ?” ಅಂದರು ಸೆಕ್ರೆಟರಿ ಮಾಮ, ಪೆನ್ನು ಹಿಡಿದು.

“ತುವಾಲೆ” ಅಂದೆ.

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಬರೆದುಕೊಂಡರು.